ಎರಡು ನಾಯಿ, ಒಂದು ಟ್ರೈಲರ್, ಏಳು ಲಕ್ಷ: ಹಳೇ ಕಾರನ್ನು ಹಿಂದಿನಿಂದ ನೋಡಿ

ಪ್ರಶ್ನೆ: "ಸರ್, ನಮಸ್ಕಾರ. ನಮ್ಮದು ತಿಪಟೂರು ಹತ್ತಿರ ತೆಂಗಿನ ತೋಟ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಆರನೇ ಕ್ಲಾಸಿನ ಮಗಳು. ಜೊತೆಗೆ ಎರಡು ನಾಯಿ. ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ, 32 ಕೆಜಿ. ಮುಧೋಳಕ್ಕೆ ಮೂರು ವರ್ಷ, 24 ಕೆಜಿ. ಈಗಿರುವ ಸಣ್ಣ ಕಾರಿನಲ್ಲಿ ಎರಡೂ ಹಿಂದಿನ ಸೀಟಿನಲ್ಲಿ ಅಮ್ಮನ ಮೇಲೇ ಬೀಳುತ್ತವೆ. ಹೆಂಡತಿಯ ತವರು ಉಜಿರೆ, ವರ್ಷಕ್ಕೆ ನಾಲ್ಕೈದು ಸಲ ಚಾರ್ಮಾಡಿ ಇಳಿದು ಹೋಗುತ್ತೇವೆ. ತಂಗಿ ಬೆಳಗಾವಿಯಲ್ಲಿದ್ದಾಳೆ. ಇದರ ಜೊತೆ ಎರಡು ಚಕ್ರದ ಸಣ್ಣ ಟ್ರೈಲರ್ ಮಾಡಿಸಿ ಕಾರಿಗೆ ಸಿಕ್ಕಿಸಿ, ಬೋರ್‌ವೆಲ್ ಮೋಟಾರು ರಿಪೇರಿಗೆ ಒಯ್ಯುವುದು, ಹಿಂಡಿ ಮೂಟೆ, ತೆಂಗಿನ ಸಸಿ ತರುವುದು ಮಾಡಬೇಕು ಅಂತ ಆಸೆ. ಬಜೆಟ್ ಏಳು ಲಕ್ಷ. ನೋಡಿರುವುದು 1.9 ಲಕ್ಷ ಕಿಮೀ ಓಡಿರುವ 2013ರ ಇನ್ನೋವಾ ಡೀಸೆಲ್, 2017ರ ಬೊಲೆರೊ, 2018ರ ಎರ್ಟಿಗಾ ಪೆಟ್ರೋಲ್. ಡೆಲ್ಲಿಯಿಂದ ತರಿಸಿದ 2014ರ ಸ್ಕಾರ್ಪಿಯೋ ಡೀಸೆಲ್ ಮೂರೂವರೆ ಲಕ್ಷಕ್ಕೆ ಕೊಡಿಸುತ್ತೇನೆ ಅಂತ ಬ್ರೋಕರ್ ಒಬ್ಬರು ಹಿಂದೆ ಬಿದ್ದಿದ್ದಾರೆ. ಡೀಸೆಲ್ ಗಾಡಿ ಏನು ಬೇಕಾದರೂ ಎಳೆಯುತ್ತೆ ಅಂತಾರೆ, ನಿಜಾನಾ? ಎರಡು ಲಕ್ಷ ಓಡಿರುವ ಗಾಡಿ ಅಂದರೆ ಭಯ. ಯಾವುದು ತಗೊಳ್ಳಲಿ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಾಡಿ ಒಂದೇ, ಅದಕ್ಕೆ ಕೆಲಸ ಮೂರು. ನಾಯಿಗಳು ಅಮ್ಮನಿಗೆ ತೊಂದರೆ ಕೊಡದೆ ಕೂರಬೇಕು, ಘಾಟಿ ಇಳಿಯಬೇಕು, ಟ್ರೈಲರ್ ಎಳೆಯಬೇಕು. ತುಮಕೂರಿನಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಹಳೇ ಗಾಡಿ ತೋರಿಸೋಕೆ ಬರುವವರು ಹೆಚ್ಚಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ. ನೀವು ಡಿಕ್ಕಿಯಿಂದ ಶುರು ಮಾಡಿ. ನಾಯಿ ಕೂರುವುದು ಹಿಂದೆ, ಕೊಕ್ಕೆ ಸಿಕ್ಕಿಸುವುದು ಹಿಂದೆ, ಭಾರ ಬೀಳುವುದು ಹಿಂದಿನ ಆಕ್ಸೆಲ್ ಮೇಲೆ, ಹೊಗೆ ಬರುವುದೂ ಹಿಂದಿನಿಂದಲೇ. ನಿಮ್ಮ ಗಾಡಿ ಸರಿ ಇದೆಯೋ ಇಲ್ಲವೋ ಅನ್ನೋದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಮೊದಲು ಟ್ರೈಲರ್ ವಿಷಯ ಮುಗಿಸೋಣ, ಯಾಕೆಂದರೆ ಯಾವ ಗಾಡಿ ಅನ್ನುವುದು ಅದರ ಮೇಲೇ ನಿಂತಿದೆ.

ಡೀಸೆಲ್ ಇಂಜಿನ್‌ಗೆ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಇಂಜಿನ್ ನಿಧಾನ ತಿರುಗುವಾಗಲೇ, ಟಾರ್ಕ್ (ಚಕ್ರ ತಿರುಗಿಸುವ ಬಲ) ಜಾಸ್ತಿ ಸಿಗುತ್ತದೆ, ನಿಂತಲ್ಲಿಂದ ಭಾರ ಎಬ್ಬಿಸಿಕೊಂಡು ಹೊರಡುತ್ತದೆ. ಇಷ್ಟು ಮಾತ್ರ ನಿಜ. ಆದರೆ ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ನಮ್ಮ ಕಡೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಸಣ್ಣ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ. ಅಂದರೆ ಐನೂರು ಕೆಜಿ ಭಾರವನ್ನೂ ನಿಮ್ಮ ಕಾರಿನ ಬ್ರೇಕೇ ತಡೆಯಬೇಕು. ಆ ಬ್ರೇಕು ಆ ಲೆಕ್ಕಕ್ಕೆ ಮಾಡಿದ್ದಲ್ಲ.

ಎರಡನೆಯದು ಗಾಡಿಯ ಮೈಕಟ್ಟು. ಬೊಲೆರೊ, ಸ್ಕಾರ್ಪಿಯೋ, ಇನ್ನೋವಾಗಳಲ್ಲಿ ಕೆಳಗೆ ಏಣಿಯ ಹಾಗೆ ಎರಡು ಉದ್ದ ಕಬ್ಬಿಣದ ತೊಲೆ ಇರುತ್ತವೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಅದೇ ಚಾಸಿ. ಕೊಕ್ಕೆಯನ್ನು ಆ ತೊಲೆಗೆ ಬೋಲ್ಟ್ ಮಾಡಿದರೆ ಎಳೆತ ಇಡೀ ಚಾಸಿಗೆ ಹಂಚಿ ಹೋಗುತ್ತದೆ. ಎರ್ಟಿಗಾದಂಥ ಗಾಡಿಯಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯ ತಗಡೇ ಮಡಚಿ ಬೆಸೆದು ಚಾಸಿಯ ಕೆಲಸ ಮಾಡುತ್ತದೆ. ಪ್ರಯಾಣಕ್ಕೆ ಅದು ಚೆನ್ನಾಗಿಯೇ ಇರುತ್ತದೆ, ಹಗುರ, ಮೆತ್ತಗೆ ಓಡುತ್ತದೆ. ಆದರೆ ಅದರ ಹಿಂದಿನ ಬಂಪರ್ ಒಳಗೆ ಕೊಕ್ಕೆ ವೆಲ್ಡ್ ಮಾಡಿಸಿ ಭಾರ ಎಳೆದರೆ, ವೆಲ್ಡ್ ಪಕ್ಕದ ತಗಡು ಹರಿಯಲು ಶುರುವಾಗುತ್ತದೆ. ಅದೂ ಅಲ್ಲದೆ ಎರ್ಟಿಗಾದಲ್ಲಿ ಎಳೆಯುವುದು ಮುಂದಿನ ಚಕ್ರ. ಹಿಂದೆ ಭಾರ ಕೂತರೆ ಮುಂದಿನ ಟೈರು ಹಗುರವಾಗುತ್ತವೆ, ಮಳೆಯಲ್ಲಿ ಸ್ಟೇರಿಂಗ್ ತೇಲಿದ ಹಾಗಾಗುತ್ತದೆ. ಗಾಡಿಯ ಜೊತೆ ಬರುವ ಮ್ಯಾನ್ಯುಯಲ್‌ನಲ್ಲಿ ಟ್ರೈಲರ್ ಎಳೆಯುವ ಬಗ್ಗೆ ಒಂದು ಪುಟ ಇರುತ್ತದೆ, ಅದನ್ನು ಓದಿ. ಎಷ್ಟೋ ಕಾರುಗಳಲ್ಲಿ 'ಈ ಗಾಡಿ ಟ್ರೈಲರ್ ಎಳೆಯಲು ಅಲ್ಲ' ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಕಂಪನಿಯೇ ಬೇಡ ಅಂದ ಮೇಲೆ ಬ್ರೋಕರ್ ಮಾತು ಯಾಕೆ ಕೇಳಬೇಕು?

ಮೂರನೆಯದು ಭಾರ ಜೋಡಿಸುವ ರೀತಿ. ಟ್ರೈಲರ್‌ನ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಕ್ಕೆಯ ಮೇಲೆ ಕೆಳಮುಖವಾಗಿ ಕೂತಿರಬೇಕು. ಭಾರ ಹಿಂದಕ್ಕೆ ಸರಿದರೆ ಕೊಕ್ಕೆ ಮೇಲಕ್ಕೆ ಎತ್ತುತ್ತದೆ, ಕಾರಿನ ಹಿಂಭಾಗ ಹಗುರವಾಗುತ್ತದೆ, ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಕೆಲವು ವರ್ಷದ ಹಿಂದೆ ಗಿರಾಕಿಯೊಬ್ಬರ ಜೀಪಿನಲ್ಲಿ ಶಿರಾದಿಂದ ಅವರ ಜೊತೆ ವಾಪಸ್ ಬರುತ್ತಿದ್ದೆ. ರಸ್ತೆ ಸಪಾಟಾಗಿತ್ತು, ಮಳೆ ಇಲ್ಲ, ವೇಗ 70ರ ಹತ್ತಿರ. ಹಿಂದಿನಿಂದ ಯಾರೋ ಜೀಪನ್ನು ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿದ ಹಾಗಾಯಿತು. ಅವರು ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಟ್ರೈಲರ್ ಸುತ್ತಿಕೊಂಡು ಬಂದು ಜೀಪಿನ ಪಕ್ಕಕ್ಕೇ ಬಡಿಯಿತು. ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ. ಇಳಿದು ನೋಡಿದರೆ ಮೋಟಾರನ್ನು ಇಳಿಸಲು ಸುಲಭ ಅಂತ ಟ್ರೈಲರ್‌ನ ತೀರಾ ಹಿಂದಿನ ತುದಿಗೆ ಕಟ್ಟಿದ್ದರು. ಅಷ್ಟೇ ಕಾರಣ. ಹಾಗೆ ಅಲ್ಲಾಡಿದಾಗ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ಎತ್ತಬೇಕು. ಆದರೆ ಆ ಎರಡು ಸೆಕೆಂಡಿನಲ್ಲಿ ಇದು ನೆನಪಾಗುವುದು ಕಷ್ಟ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಅಂದರೆ ಅದೇ ಒಂದು ವಾಹನ, ಅದಕ್ಕೆ ಬೇರೆ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಸಿಕ್ಕಿಸಿಕೊಂಡು ಹೊರಟರೆ ದಂಡ ಒಂದು ಕಡೆ, ಅಪಘಾತ ಆದರೆ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತಕರಾರು ಇನ್ನೊಂದು ಕಡೆ. ದುಡ್ಡು ಕೊಡುವ ಮೊದಲು ತಿಪಟೂರು ಆರ್‌ಟಿಓ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ.

ನಿಮ್ಮ ಕೆಲಸ ನೋಡಿದರೆ, ವರ್ಷಕ್ಕೆ ಎಷ್ಟು ಸಲ ಮೋಟಾರು ಸುಡುತ್ತದೆ, ಎಷ್ಟು ಸಲ ಸಸಿ ತರುತ್ತೀರಿ? ಹತ್ತೋ ಹದಿನೈದೋ ಸಲ ಇರಬಹುದು. ಅಷ್ಟಕ್ಕೆ ಒಂದು ಟಾಟಾ ಏಸ್ ಬಾಡಿಗೆಗೆ ಕರೆಯಿರಿ. ನನ್ನ ಸಲಹೆ ಟ್ರೈಲರ್ ಬಿಡಿ ಅಂತಲೇ. ಇಲ್ಲ, ಬೇಕೇ ಬೇಕು ಅಂದರೆ ಚಾಸಿ ಇರುವ ಗಾಡಿಯೇ ಆಗಬೇಕು, ಕೊಕ್ಕೆ ಆ ಗಾಡಿಗೇ ಅಂತ ಮಾಡಿದ್ದಾಗಬೇಕು, ಟ್ರೈಲರ್‌ಗೆ ನಂಬರ್ ಮತ್ತು ಬ್ರೇಕ್ ಇರಬೇಕು, 60 ದಾಟಬಾರದು, ಚಾರ್ಮಾಡಿ ಕಡೆ ತಿರುಗಿಯೂ ನೋಡಬಾರದು.

ಇನ್ನು ನಾಯಿಗಳು. ನನ್ನ ಪ್ರಕಾರ ಗಾಡಿ ಆರಿಸಬೇಕಾದ್ದು ಇವುಗಳಿಗಾಗಿಯೇ, ಯಾಕೆಂದರೆ ಏನಾಗುತ್ತಿದೆ ಅಂತ ಅವು ಬಾಯಿ ಬಿಟ್ಟು ಹೇಳುವುದಿಲ್ಲ.

ಏಳು ಸೀಟಿನ ಗಾಡಿ ಅಂದರೆ ನಾಯಿಗೆ ಜಾಗ ಬೇಕಾದಷ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂರನೇ ಸಾಲನ್ನು ಮಡಚಿದಾಗ ಏನು ಉಳಿಯುತ್ತದೆ ನೋಡಿ. ಎರ್ಟಿಗಾದಲ್ಲಿ ಮೂರನೇ ಸಾಲು ಮುಂದಕ್ಕೆ ಮಲಗಿ ನೆಲ ಹೆಚ್ಚುಕಡಿಮೆ ಸಪಾಟಾಗುತ್ತದೆ. ಆ ಇನ್ನೋವಾದಲ್ಲಿ ಎರಡೂ ಸೀಟು ಪಕ್ಕಕ್ಕೆ ಎದ್ದು ಕಿಟಕಿಗೆ ಒರಗಿ ನಿಲ್ಲುತ್ತವೆ, ಎತ್ತರ ಚೆನ್ನಾಗಿ ಸಿಗುತ್ತದೆ ಆದರೆ ಅಗಲ ಎರಡೂ ಕಡೆಯಿಂದ ತಿಂದುಹೋಗುತ್ತದೆ. ಬೊಲೆರೊದಲ್ಲಿ ಹಿಂದೆ ಎದುರುಬದುರು ಕೂರುವ ಸಣ್ಣ ಸೀಟು. ಆ ಸೀಟುಗಳನ್ನು ಬಿಚ್ಚಿ ಮನೆಯಲ್ಲಿ ಇಡೋಣ ಅಂತ ಯೋಚನೆ ಬರಬಹುದು. ಬೇಡ, ಆರ್‌ಸಿಯಲ್ಲಿ ಸೀಟಿನ ಸಂಖ್ಯೆ ಬರೆದಿರುತ್ತದೆ. ಮಡಚಿ ಸಾಕು.

ಟೇಪು ಹಿಡಿದು ಮನೆಯಲ್ಲೇ ನಾಯಿಗಳ ಅಳತೆ ತೆಗೆದುಕೊಳ್ಳಿ. ನಿಂತಾಗ ನೆಲದಿಂದ ತಲೆಯ ಮೇಲ್ತುದಿಗೆ ಎಷ್ಟು, ಮೂಗಿನಿಂದ ಬಾಲದ ಬುಡಕ್ಕೆ ಎಷ್ಟು. ಮುಧೋಳ ತೂಕದಲ್ಲಿ ಕಡಿಮೆ ಆದರೂ ಕಾಲು ಉದ್ದ, ಎತ್ತರದಲ್ಲಿ ನಿಮ್ಮ ಲ್ಯಾಬ್ ಅನ್ನು ಮೀರಿಸುತ್ತದೆ. ಆಮೇಲೆ ಗಾಡಿಯ ಹಿಂದಿನ ಬಾಗಿಲಿನ ಬಾಯಿ ಅಳೆಯಿರಿ. ಒಳಗೆ ಎತ್ತರ ಇದ್ದು ಬಾಗಿಲು ಇಳಿಜಾರಾಗಿ ಚಿಕ್ಕದಿದ್ದರೆ ನಾಯಿ ತಲೆ ತಗ್ಗಿಸಿ ಹತ್ತಬೇಕು, ಒಂದು ಸಲ ತಲೆ ತಗುಲಿದರೆ ಮುಂದಿನ ಸಲ ಹತ್ತಲ್ಲ. ನಾಯಿ ಒಳಗೆ ನಿಂತು, ಒಂದು ಸುತ್ತು ತಿರುಗಿ, ಮಲಗುವಂತಿದ್ದರೆ ಸಾಕು.

ಒಂಬತ್ತು ವರ್ಷದ ಲ್ಯಾಬ್ ಅಂದಿರಿ. ಈ ತಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಇಷ್ಟು ದಿನ ಜಿಗಿದು ಹತ್ತುತ್ತಿದ್ದದ್ದು ಇನ್ನು ಮೇಲೆ ಕಷ್ಟವಾಗುತ್ತದೆ, ಇಳಿಯುವಾಗ ಇನ್ನೂ ಕಷ್ಟ. ಅದಕ್ಕೇ ನಾನು ಡಿಕ್ಕಿಯ ನೆಲದ ಎತ್ತರಕ್ಕೆ ಇಷ್ಟು ಬೆಲೆ ಕೊಡುವುದು. ಎರ್ಟಿಗಾದ ನೆಲ ತಗ್ಗು, ಬೊಲೆರೊ, ಸ್ಕಾರ್ಪಿಯೋ ಎತ್ತರ. ಎತ್ತರದ ಗಾಡಿ ತೆಗೆದುಕೊಂಡರೆ ಆರಡಿ ಉದ್ದದ ದಪ್ಪ ಪ್ಲೈವುಡ್ ಹಲಗೆಗೆ ನಾರಿನ ಮ್ಯಾಟ್ ಅಂಟಿಸಿ ಒಂದು ಜಾರುಹಲಗೆ ಮಾಡಿ. ತಿಪಟೂರಿನಲ್ಲಿ ನಾರಿನ ಮ್ಯಾಟ್‌ಗೆ ಬರವಿಲ್ಲ. ಮೊದಲು ಅಂಗಳದಲ್ಲಿ ನೆಲದ ಮೇಲೇ ಹಾಸಿ ಅದರ ಮೇಲೆ ನಡೆಸಿ ಅಭ್ಯಾಸ ಮಾಡಿಸಿ.

ಕಟ್ಟದೆ ಕರೆದೊಯ್ಯಬೇಡಿ. 60 ಕಿಮೀ ವೇಗದಲ್ಲಿ ಗಾಡಿ ಗುದ್ದಿ ನಿಂತರೆ, ಸುಮ್ನೆ ಕೂತಿದ್ದ ನಾಯಿಗೆ ಬೀಳುವ ಹೊಡೆತ ನಾಲ್ಕನೇ ಮಹಡಿಯಿಂದ ಬಿದ್ದಷ್ಟು. ಅದರ ಮುಂದೆ ಕೂತಿರುವುದು ನಿಮ್ಮ ಅಮ್ಮ ಮತ್ತು ಮಗಳು. ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಳ್ಳಿ, ಕೊರಳ ಪಟ್ಟಿಗೆ ಯಾವತ್ತೂ ಕಟ್ಟಬೇಡಿ, ಕುತ್ತಿಗೆ ಮುರಿಯುತ್ತದೆ. ಎರಡನೇ ಸಾಲಿನ ಹಿಂದೆ ಗಟ್ಟಿ ಜಾಲರಿ ಹಾಕಿಸಿ ಎರಡನ್ನೂ ಹಿಂದೆ ಬೇರೆ ಬೇರೆ ಕಡೆ ಕಟ್ಟಬಹುದು. ಪೆಟ್ಟಿಗೆ ಇಷ್ಟ ಅಂದರೆ ಅದನ್ನು ನೆಲದ ಕೊಕ್ಕೆಗಳಿಗೆ ಬಿಗಿಯಬೇಕು, ಬರೀ ಇಟ್ಟರೆ ಪೆಟ್ಟಿಗೆ ಸಮೇತ ಮುಂದಕ್ಕೆ ಬರುತ್ತದೆ. ಮುಂದಿನ ಸೀಟು ಬೇಡವೇ ಬೇಡ, ಅಲ್ಲಿ ಏರ್‌ಬ್ಯಾಗ್ ಇರಬಹುದು.

ಎಸಿ ಹಿಂದಿನ ತನಕ ತಲುಪುತ್ತದೆಯೋ ನೋಡಲು ಸುಲಭದ ದಾರಿ ಇದೆ. ಗಾಡಿಯನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ಬೇರೆಯವರಿಗೆ ಓಡಿಸಲು ಹೇಳಿ ಎಸಿ ಹಾಕಿಸಿ, ಊರೊಳಗೆ ನಿಧಾನವಾಗಿ ಹೋಗುತ್ತಿರುವಾಗ ನೀವೇ ಡಿಕ್ಕಿಯಲ್ಲಿ ಹದಿನೈದು ನಿಮಿಷ ಕೂತು ನೋಡಿ. ನಿಮಗೆ ಬೆವರು ಬರುತ್ತದೆ, ಅದರಿಂದ ನೀವು ತಣ್ಣಗಾಗುತ್ತೀರಿ. ನಾಯಿಗೆ ಆ ಸೌಲಭ್ಯ ಇಲ್ಲ, ಅದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಇನ್ನೋವಾದಲ್ಲಿ ಚಾವಣಿಯಿಂದ ಹಿಂದಿನ ಸಾಲಿಗೂ ಗಾಳಿ ಬರುತ್ತದೆ. ಎರ್ಟಿಗಾದಲ್ಲಿ ಎರಡನೇ ಸಾಲಿನ ತಲೆ ಮೇಲಿನ ಬ್ಲೋವರ್ ಅನ್ನು ಹಿಂದಕ್ಕೆ ತಿರುಗಿಸಿದರೆ ನಡೆಯುತ್ತದೆ. ಬೊಲೆರೊದಲ್ಲಿ ಹಿಂದೆ ಬೇರೆ ಗಾಳಿ ಬಾಯಿ ಇಲ್ಲ, ಏಪ್ರಿಲ್ ತಿಂಗಳಲ್ಲಿ ಹಿಂದೆ ಕೂತವರ ಕಷ್ಟ ಅವರಿಗೇ ಗೊತ್ತು.

ಕಿಟಕಿ ಎರಡು ಬೆರಳಷ್ಟು ಇಳಿಸಿ ನಾಯಿಯನ್ನು ಗಾಡಿಯಲ್ಲೇ ಬಿಟ್ಟು ಊಟಕ್ಕೆ ಹೋಗಬಹುದು ಅನ್ನುವುದು ಸುಳ್ಳು. ಮುಚ್ಚಿದ ಗಾಡಿಯಲ್ಲಿ ಬಿಸಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ, ಕಿಟಕಿ ಸ್ವಲ್ಪ ಇಳಿಸಿದರೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ತಿಂಡಿಗೆ ಹೋಗಿ, ಒಬ್ಬರು ನಾಯಿ ಹತ್ತಿರ ಇರಿ.

ಇನ್ನು ಯಾರೂ ನೋಡದ ಒಂದು ಜಾಗ ಹೇಳುತ್ತೇನೆ. ಹಿಂದಿನ ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್. ಗುಬ್ಬಿ ಕಡೆಯ ಒಂದು ಕುಟುಂಬ ಹಳೇ ಡೀಸೆಲ್ ಗಾಡಿ ತಂದಿದ್ದರು, ಬ್ರೇಕ್ ಶಬ್ದ ಅಂತ. ಮಾತಿಗೆ ಮಾತು ಬಂದು, ನಮ್ಮ ಜರ್ಮನ್ ಶೆಫರ್ಡ್ ಊರಿಗೆ ಹೊರಟರೆ ಸಾಕು ಜೊಲ್ಲು ಸುರಿಸಿ ಮಂಕಾಗಿ ಮಲಗುತ್ತೆ, ಗಾಡಿ ಆಗಿಬರಲ್ಲ ಅಂದರು. ಹಿಂದಿನ ಬಾಗಿಲು ತೆಗೆದು ಬೀಡಿಂಗ್ ಮೇಲೆ ಬೆರಳು ಎಳೆದೆ. ಎಡಗಡೆ ಕೆಳಮೂಲೆಯಲ್ಲಿ ಒಂದು ಗೇಣು ಉದ್ದಕ್ಕೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅಷ್ಟು ಉದ್ದಕ್ಕೂ ಒಳಗಿನ ಬಿಳಿ ಪೇಂಟಿನ ಮೇಲೆ ಕಾಡಿಗೆ ಎಳೆದ ಹಾಗೆ ಕಪ್ಪು ಮಸಿ. ಗಾಡಿ ಓಡುವಾಗ ಹಿಂಭಾಗದಲ್ಲಿ ಗಾಳಿ ಸುಳಿ ಸುತ್ತುತ್ತದೆ, ಸೈಲೆನ್ಸರ್ ಹೊಗೆಯನ್ನು ವಾಪಸ್ ಬಾಗಿಲಿನ ಕಡೆಗೇ ತರುತ್ತದೆ, ಸಂದು ಸಿಕ್ಕರೆ ಒಳಗೆ ಬರುತ್ತದೆ. ಮುಂದೆ ಕೂತವರಿಗೆ ವಾಸನೆಯೂ ಬಂದಿರಲಿಲ್ಲ. ನಾಯಿ ಮಾತ್ರ ಆ ಮೂಲೆಗೆ ಮೂಗಿಟ್ಟು ಮಲಗುತ್ತಿತ್ತು. ಬೀಡಿಂಗ್ ಬದಲಾಯಿಸಿದೆವು, ಸೈಲೆನ್ಸರ್ ಜಾಯಿಂಟ್ ಸರಿ ಮಾಡಿದೆವು, ನಾಯಿ ಸರಿಹೋಯಿತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಅದೇ ಭಯ. ಈ ಕಾರಣಕ್ಕೇ, ನಾಯಿಗೆ ಗಾಳಿ ಬರಲಿ ಅಂತ ಡಿಕ್ಕಿ ಬಾಗಿಲು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸುವುದು ತೀರಾ ತಪ್ಪು.

ಭಾರದ ಲೆಕ್ಕ ಚುಟುಕಾಗಿ ಹೇಳುತ್ತೇನೆ. ಮೂರು ದೊಡ್ಡವರು, ಒಂದು ಮಗು ಸೇರಿ ಸುಮಾರು 230 ಕೆಜಿ. ನಾಯಿಗಳು 56. ಜಾಲರಿ, ಮ್ಯಾಟ್, ನೀರು 35. ಲಗೇಜು 50. ಒಟ್ಟು 370ರ ಹತ್ತಿರ. 500 ಕೆಜಿ ಟ್ರೈಲರ್ ಸಿಕ್ಕಿಸಿದರೆ ಕೊಕ್ಕೆ ಮೇಲಿನ 50 ಕೆಜಿ ಕೂಡ ಇದಕ್ಕೇ ಸೇರುತ್ತದೆ. ಗಾಡಿ ಭಾರ ತುಂಬಿ ಎಷ್ಟು ತೂಗಬಹುದು ಅನ್ನುವುದರಲ್ಲಿ ಖಾಲಿ ತೂಕ ಕಳೆಯಿರಿ, ಉಳಿದದ್ದು ಇದಕ್ಕಿಂತ ಜಾಸ್ತಿ ಇರಬೇಕು. ಉಜಿರೆಯಿಂದ ವಾಪಸ್ ಬರುವಾಗ ಹಲಸಿನಕಾಯಿ ತುಂಬಿಸುತ್ತಾರೆ ಅಲ್ವಾ, ಅದನ್ನೂ ಸೇರಿಸಿ.

ಇನ್ನು ನಿಮ್ಮ ಭಯ, ಎರಡು ಲಕ್ಷ ಕಿಲೋಮೀಟರು. ಸರಿಯಾಗಿ ಆಯಿಲ್ ಬದಲಿಸಿಕೊಂಡು ಬಂದ ಆ ಇನ್ನೋವಾ ಇಂಜಿನ್‌ಗೆ ಎರಡು ಲಕ್ಷ ದೊಡ್ಡ ಮಾತಲ್ಲ. ನನಗೆ ಭಯ ಆಗುವುದು 2013ರ ಗಾಡಿ 70 ಸಾವಿರ ತೋರಿಸಿದಾಗ. ಮೀಟರ್ ತಿರುಗಿಸುವುದು ಸುಲಭ, ಕ್ಲಚ್ ಪೆಡಲ್ ರಬ್ಬರ್ ಸವೆದಿರುವುದನ್ನು ಮುಚ್ಚುವುದು ಕಷ್ಟ. ಪೆಡಲ್ ರಬ್ಬರ್ ಹೊಸದಿದ್ದರೆ ಅದೂ ಅನುಮಾನವೇ. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಹಿಸ್ಟರಿ ತೆಗೆಸಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ, ಬೆಲ್ಟ್ ತುಂಡಾದರೆ ವಾಲ್ವ್ ಬಾಗಿ ಹೆಡ್ ಬಿಚ್ಚಬೇಕಾಗುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಇಡ್ಲಿ ಪಾತ್ರೆಯ ಹಾಗೆ ಹೊಗೆ ಬುಸ್ ಅಂತ ಬಂದರೆ ಇಂಜಿನ್ ಒಳಗಿನ ಪಿಸ್ಟನ್ ರಿಂಗ್ ಸವೆದುಹೋಗಿವೆ. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರ್‌ಗೆ ಹಾಕಿ ಕ್ಲಚ್ ಬಿಡಿ, ಇಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಗುರ್ ಅನ್ನುತ್ತಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಆಮೇಲೆ ಮತ್ತೆ ಹಿಂದಕ್ಕೆ ಬನ್ನಿ. ಬಂಪರ್ ಕೆಳಗೆ ಬಗ್ಗಿ ಟಾರ್ಚ್ ಹಾಕಿ. ಚಾಸಿಯ ತುದಿಯಲ್ಲಿ ಹಳೇ ಬೋಲ್ಟ್ ತೂತು, ವೆಲ್ಡ್ ಕಲೆ, ಹಿಂದಿನ ಲೈಟಿನ ವೈರಿಗೆ ಟೇಪ್ ಸುತ್ತಿ ತೆಗೆದ ಜೋಡಣೆ ಇದ್ದರೆ ಆ ಗಾಡಿ ಮೊದಲೇ ಏನನ್ನೋ ಎಳೆದು ದುಡಿದಿದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಅದರ ಕೆಳಗೆ ಕೆಸರಿನ ಪುಡಿ ಇದೆಯೇ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಎಷ್ಟೋ ಕಾರುಗಳು ನೀರಲ್ಲಿ ಮುಳುಗಿದ್ದವು. ನೀರು ಕುಡಿದ ಗಾಡಿಯ ವೈರಿಂಗ್ ಯಾವತ್ತೂ ಪೂರ್ತಿ ಸರಿಹೋಗುವುದಿಲ್ಲ.

ಊರೊಳಗೆ ಒಂದು ಸುತ್ತು ಹಾಕಿ ಒಪ್ಪಬೇಡಿ. ತುಮಕೂರಿನಲ್ಲಿ ನೋಡುತ್ತಿದ್ದರೆ ದೇವರಾಯನದುರ್ಗಕ್ಕೆ ಹತ್ತಿಸಿ, ನಾಲ್ಕು ಜನ ಕೂತು. ಹತ್ತುವಾಗ ಟೆಂಪರೇಚರ್ ಮುಳ್ಳು ನೋಡಿ. ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟು ಇಂಜಿನ್ ಹಿಡಿತ ನೋಡಿ, ಬ್ರೇಕ್ ಪೆಡಲ್ ನಡುಗುತ್ತದೆಯೇ ನೋಡಿ. ಚಾರ್ಮಾಡಿಯ ತಿರುವುಗಳಲ್ಲಿ ನಿಮಗೆ ಬೇಕಾಗಿರುವುದು ಇದೇ.

ಈಗ ನಿಮ್ಮ ನಾಲ್ಕು ಗಾಡಿ. ಡೆಲ್ಲಿ ಸ್ಕಾರ್ಪಿಯೋ ಬಿಟ್ಟುಬಿಡಿ. ಡೆಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಅಗ್ಗ ಆಗಿದ್ದು ಅದಕ್ಕೆ. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಓ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಆಗಬೇಕು. ಮೂರೂವರೆ ಲಕ್ಷ ಅಷ್ಟಕ್ಕೇ ನಿಲ್ಲುವುದಿಲ್ಲ.

ಬೊಲೆರೊ ಗಟ್ಟಿ, ರಿಪೇರಿ ಎಲ್ಲಿ ಬೇಕಾದರೂ ಆಗುತ್ತದೆ. ಆದರೆ 2017ರದ್ದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತದಿದ್ದರೆ ಅದು ಇಲ್ಲ ಅಂತ ಅರ್ಥ. ಹಿಂದೆ ಲೀಫ್ ಸ್ಪ್ರಿಂಗ್, ಕುಲುಕಾಟ ಜಾಸ್ತಿ, ಬೆಳಗಾವಿ ತನಕ ಮುದಿ ಲ್ಯಾಬ್ ಸೊಂಟಕ್ಕೆ ಅದು ಒಳ್ಳೆಯದಲ್ಲ. ತೋಟದ ಕೆಲಸವೇ ಮುಖ್ಯ ಆಗಿದ್ದರೆ ಇದನ್ನೇ ಹೇಳುತ್ತಿದ್ದೆ.

ಇನ್ನೋವಾ ದೂರ ಪ್ರಯಾಣಕ್ಕೆ ನಾಲ್ಕರಲ್ಲೂ ಮೇಲು, ಟ್ರೈಲರ್ ಹಟ ಬಿಡದಿದ್ದರೆ ಅದೇ ಸರಿ. ಎರಡು ಎಚ್ಚರ ಇರಲಿ. ಮೊದಲು ಹಳದಿ ಬೋರ್ಡ್ ಟ್ಯಾಕ್ಸಿ ಆಗಿದ್ದು ಆಮೇಲೆ ವೈಟ್ ಬೋರ್ಡ್ ಆಗಿದೆಯೇ ಅಂತ ಆರ್‌ಟಿಓ ದಾಖಲೆಯಲ್ಲಿ ನೋಡಿ. ಇನ್ನೊಂದು, 2028ಕ್ಕೆ ಅದಕ್ಕೆ 15 ವರ್ಷ ತುಂಬುತ್ತದೆ. ಆರ್‌ಸಿ ನವೀಕರಣಕ್ಕೆ ಫಿಟ್‌ನೆಸ್ ತಪಾಸಣೆ, 2022ರ ಏಪ್ರಿಲ್‌ನಿಂದ ಫೀಸೇ 5,000 ರೂಪಾಯಿ, ಮೇಲೆ ಹಸಿರು ತೆರಿಗೆ.

ಟ್ರೈಲರ್ ಬಿಟ್ಟರೆ ನನ್ನ ಆಯ್ಕೆ ಎರ್ಟಿಗಾ. ನೆಲ ತಗ್ಗು, ಮಡಚಿದರೆ ಸಪಾಟು, ನಾಲ್ಕು ಜನ ಮುಂದಿನ ಎರಡು ಸಾಲಿನಲ್ಲಿ ಆರಾಮಾಗಿ ಕೂರುತ್ತೀರಿ, ಹಿಂದೆ ನಾಯಿ, ನಡುವೆ ಜಾಲರಿ. ಪೆಟ್ರೋಲ್ ಆದ್ದರಿಂದ ತಿಪಟೂರಿನೊಳಗಿನ ಸಣ್ಣಪುಟ್ಟ ಓಡಾಟಕ್ಕೂ ಕಿರಿಕಿರಿ ಇಲ್ಲ. ಅಂದ ಹಾಗೆ 2020ರ ನಂತರದ ಬಿಎಸ್6 ಡೀಸೆಲ್ ಯಾವುದಾದರೂ ಯಾರಾದರೂ ತೋರಿಸಿದರೆ, ಹೊಗೆಯ ಮಸಿ ಹಿಡಿಯುವ ಅದರ ಡಿಪಿಎಫ್ ಫಿಲ್ಟರ್‌ಗೆ ಆಗಾಗ ಹೈವೇ ಓಟ ಬೇಕು, ಬರೀ ಊರೊಳಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ.

ಕಾಗದ ಪತ್ರ: ಗಾಡಿ ನಿಮ್ಮ ಹೆಸರಿಗೆ ವರ್ಗ ಮಾಡುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಸಾಲದ ಗಾಡಿಯಾಗಿದ್ದರೆ ಎಚ್‌ಪಿ (ಆರ್‌ಸಿಯಲ್ಲಿ ಬರೆದಿರುವ ಬ್ಯಾಂಕಿನ ಅಡಮಾನ) ಕ್ಯಾನ್ಸಲ್ ಆಗಿರಬೇಕು, ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೇಳಿ. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಹಳೇ ಓನರ್‌ಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಅವರದ್ದೇ, ನಿಮಗೆ ಬರುವುದಿಲ್ಲ, ಅದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಲು ಬಿಡಬೇಡಿ.

ಅಡ್ವಾನ್ಸ್ ಕೊಡುವ ಮೊದಲು ಎರಡೂ ನಾಯಿಗಳನ್ನು ಗಾಡಿ ಹತ್ತಿರ ಕರೆದೊಯ್ಯಿರಿ. ಮಾರುವವರು ಬೇಡ ಅಂದರೆ ಹಳೇ ಬೆಡ್‌ಶೀಟ್ ಹಾಸುತ್ತೇವೆ ಅನ್ನಿ. ಲ್ಯಾಬ್ ಅನ್ನು ಎತ್ತಿ ಹಾಕದೆ ಅದರ ಪಾಡಿಗೆ ಹತ್ತಲು ಬಿಡಿ, ಹತ್ತು ನಿಮಿಷ ಓಡಿಸಿ, ಇಳಿಯುವಾಗ ಹಿಂದಿನ ಕಾಲು ಹೇಗೆ ಊರುತ್ತದೆ ಅಂತ ನೋಡಿ.